ಬೀರುವಿನ ಹಿಂದಿನ ಸುರುಳಿ

ನನ್ನ ತಮ್ಮನಿಗೆ ಯಾವುದನ್ನೂ ಮಡಚಲು ಬರುವುದಿಲ್ಲ. ಕೈಕೆಳಗೆ ಇಪ್ಪತ್ತು ಆಳುಗಳನ್ನಿಟ್ಟುಕೊಂಡು ರಸ್ತೆ ಅಗೆಸುವ ಮನುಷ್ಯ. ಒಂದು ಟವೆಲ್ ಕೊಟ್ಟು "ನಾಕು ಮಡಿಕಿ ಮಾಡಿ ಇಡೋ" ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಆಮೇಲೆ ಸುತ್ತಿ ಇಡುತ್ತಾನೆ. ಪಂಚೆ ಸುತ್ತುತ್ತಾನೆ, ಪತ್ರಿಕೆ ಸುತ್ತುತ್ತಾನೆ, ಮದುವೆಯ ಆಮಂತ್ರಣವನ್ನೂ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ರಟ್ಟಿನ ಆಮಂತ್ರಣ ಸುತ್ತಿದ ಮೇಲೆ ಬಿಚ್ಚಿಕೊಳ್ಳುತ್ತದೆಯೇ? ನಾವು ಯಾರ ಮದುವೆಗೆ ಬಂದಿದ್ದೇವೆ ಎಂದು ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಕೇಳಬೇಕಾಗಿ ಬಂದಿದೆ!

ಇಂಥವನು ನನಗೇ ತಮ್ಮನಾಗಿ ಹುಟ್ಟಬೇಕೇ? ನಾನು ಕಾರ್ಖಾನೆಯೊಂದರ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಹಾಸಿಗೆಯ ಚಾದರದ ಮೂಲೆಯನ್ನು ಅಂಚು ಹಿಡಿದು ಮಡಚದ ನರ್ಸನ್ನು ಮನುಷ್ಯರ ಲೆಕ್ಕಕ್ಕೇ ಹಿಡಿದವಳಲ್ಲ. ಐದಕ್ಕೆ ಏಳುವುದು, ಐದೂವರೆಗೆ ಹಾಲು, ಏಳಕ್ಕೆ ಸ್ನಾನ, ಹನ್ನೊಂದಕ್ಕೆ ಒಂದು ಕೋಣೆಯ ಪೂರ್ತಿ ಶುಚಿ. ಏಪ್ರನ್ನಿನ ಜೇಬಿನಲ್ಲಿದ್ದ ಕತ್ತರಿ ನಿವೃತ್ತಿಯಾದ ಮೇಲೆ ಸೊಂಟಕ್ಕೆ ಬಂತು, ಅಷ್ಟೇ. ಜೋತುಬಿದ್ದ ದಾರ ಕಂಡರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ತಮ್ಮನ ಸುತ್ತುವ ರೋಗಕ್ಕೆ ಅವನ ಉದ್ಯೋಗವೇ ಕಾರಣ. ಆಂಧ್ರ ಇನ್ನೂ ಒಂದೇ ರಾಜ್ಯವಾಗಿದ್ದು, ಹೈದರಾಬಾದಿನ ರಸ್ತೆಗಳನ್ನು ಒಬ್ಬರು ಮುಚ್ಚುವುದರೊಳಗೆ ಇನ್ನೊಬ್ಬರು ಅಗೆಯುತ್ತಿದ್ದ ವರ್ಷಗಳವು. ಅವನು ಒಂದು ಗುತ್ತಿಗೆ ಕಂಪನಿಯ ಮೇಲ್ವಿಚಾರಕನಾಗಿ ನೆಲದೊಳಗೆ ಫೈಬರ್ ಕೇಬಲ್ ಹಾಕಿಸುತ್ತಿದ್ದ. ಕೂದಲೆಳೆಯಂಥ ಗಾಜು, ಅದರೊಳಗೆ ಬೆಳಕು ಓಡುತ್ತದೆ, ಬೆಳಕಿನ ಬೆನ್ನೇರಿ ಮಾತು ಓಡುತ್ತದೆ. ಒಂದು ಮಧ್ಯಾಹ್ನ ಅಂಥದೊಂದು ಎಳೆಯನ್ನು ತಂದು, ಪೆನ್ನಿನಂಥ ದೀಪದಿಂದ ಅದರ ತುದಿಗೆ ಕೆಂಪು ಬೆಳಕು ಬಿಟ್ಟು, ನನ್ನ ಕಿರುಬೆರಳಿಗೆ ಬಿಗಿಯಾಗಿ ಸುತ್ತಿದ. ಬಾಗಿದ ಕಡೆಯಲ್ಲೆಲ್ಲ ಬೆಳಕು ಹೊರಗೆ ಜಿನುಗಿ, ನನ್ನ ಬೆರಳಿಗೆ ಮಾಣಿಕ್ಯದ ಉಂಗುರ ತೊಡಿಸಿದಂತಾಯಿತು.

"ನೋಡಕ್ಕ, ಗಟ್ಟಿ ಬಗ್ಗಿಸಿದ್ರ ಬೆಳಕು ಸೋರತೈತಿ. ದಪ್ಪದ ಇಪ್ಪತ್ತು ಪಟ್ಟು ಅಗಲ ತಿರುವು ಕೊಡಬೇಕು."

"ಟವೆಲ್ಲಿನಾಗ ಯಾವ ಬೆಳಕು ಐತೋ?"

ಅವನು ಹೆಗಲ ಮೇಲಿನ ಟವೆಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ. "ಇಲ್ಲಂತ ಹೆಂಗ ಹೇಳೋದು?" ಎಂದ. ಇದಕ್ಕೇನು ಹೇಳುತ್ತೀರಿ?

ಉದ್ದನೆಯ ಕೇಬಲನ್ನು ನೆಲದ ಮೇಲೆ ಇಡುವಾಗ ಬರೀ ಸುರುಳಿ ಸುತ್ತಿದರೆ ಮುರಿ ಬೀಳುತ್ತದಂತೆ. ಅದಕ್ಕೆ ಇಂಗ್ಲಿಷಿನ ಎಂಟರ ಆಕಾರದಲ್ಲಿ, ಒಂದರ ಮೇಲೊಂದು ಹಾಸುತ್ತಾರೆ. ಸರಿ, ರಸ್ತೆಯ ಮೇಲೆ ಹಾಸಿಕೊಳ್ಳಲಿ. ಇವನು ನಮ್ಮ ಅವ್ವನ ಒಂಬತ್ತು ಗಜದ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕು ಎಂದರೆ ಮಹಡಿಯ ಮೇಲೆ ಎಂಟರ ಆಕಾರದಲ್ಲಿ ಹಾಸಿ, ನಡುವೆ ತಾನು ಕೈಕಟ್ಟಿ ನಿಂತಿದ್ದ. ಪಕ್ಕದ ಮಹಡಿಯಾಕೆ ಭಕ್ತಿಯಿಂದ ಕೈಮುಗಿದು "ಇದೇಂ ಪೂಜ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. "ಮಾ ತಮ್ಮುಡಿ ಪೂಜ" ಎಂದೆ. ಮರುದಿನ ಪ್ರಸಾದ ಕೇಳಿದಳು.

ಒಮ್ಮೆ ಕೂಕಟ್‌ಪಲ್ಲಿಯಲ್ಲಿ ಅವನ ಕೆಲಸ ನೋಡಿದೆ. ಕೇಬಲ್ ಹಾಕುವ ಮೊದಲು ಖಾಲಿ ಪೈಪಿನೊಳಗೆ ಕಂಪ್ರೆಸರ್ ಗಾಳಿಯಿಂದ ಒಂದು ಸ್ಪಂಜಿನ ಉಂಡೆಯನ್ನು ಹಾರಿಸುತ್ತಾರೆ. ಅದು ಅತ್ತ ತುದಿಯಲ್ಲಿ ಹೊರಬಿದ್ದರೆ ದಾರಿ ಸರಿಯಿದೆ ಎಂದರ್ಥ. ಆಳುಗಳೆಲ್ಲ ನೆರಳಿನಲ್ಲಿ ಬೀಡಿ ಸೇದುತ್ತಿದ್ದರೆ ನನ್ನ ತಮ್ಮ ಮಣ್ಣಿನಲ್ಲಿ ಮಂಡಿಯೂರಿ, ಪೈಪಿಗೆ ಕಿವಿಕೊಟ್ಟು, ಕಣ್ಣು ಮುಚ್ಚಿದ್ದ. ಬಸ್ಸು, ಲಾರಿ, ಆಟೋ ಯಾವುದೂ ಅವನ ಪಾಲಿಗಿರಲಿಲ್ಲ. "ಬರಾಕತ್ತೈತಿ, ಅಕ್ಕ. ಈಗ ಮಾವಿನ ಗಿಡದ ಕೆಳಗ ಐತಿ. ಈಗ ಶಾಲಿ ದಾಟಿತು" ಎನ್ನುತ್ತಿದ್ದ. ಉಂಡೆ ಪುಟಕ್ಕನೆ ಬಂದು ಬಿದ್ದಾಗ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒರೆಸಿದ. ಹೆರಿಗೆ ಕೋಣೆಯಲ್ಲಿ ಕೂಸನ್ನು ಇಷ್ಟು ಜೋಪಾನವಾಗಿ ಒರೆಸಿದವರನ್ನು ನಾನು ಕಂಡಿಲ್ಲ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಉಳಿಕೆ. ಕೇಬಲ್ ಎಲ್ಲಿಯೂ ಅಳತೆಗೆ ಸರಿಯಾಗಿ ಮುಗಿಯಬಾರದಂತೆ. ದಾರಿಯುದ್ದಕ್ಕೂ ತೋಡಿದ ಪ್ರತಿ ಗುಂಡಿಯಲ್ಲಿ ಇಷ್ಟು ಮೀಟರ್ ಸುರುಳಿ ಮಾಡಿ ಬಿಟ್ಟಿರಬೇಕಂತೆ. ಯಾಕೆ? "ನಾಳೆ ಯಾರರ ಕಡದ್ರ ಎಳಕೊಳ್ಳಾಕ ಬೇಕಲ್ಲ." ಹೀಗಾಗಿ ಅವನ ಬಾಳೆಲ್ಲ ಸುರುಳಿ. ಲಿಂಗಂಪಲ್ಲಿ ಸ್ಟೇಷನ್ನಿಗೆ ನಾನು ರೈಲಿಗಿಂತ ನಾಲ್ಕು ನಿಮಿಷ ಮೊದಲು ತಲುಪಿದರೆ ಅವನು ನಲವತ್ತು ನಿಮಿಷ ಮೊದಲು ಹೋಗಿ ಹಳಿ ನೋಡುತ್ತ ಕೂರುತ್ತಾನೆ.

ಉಳಿಕೆಯ ವಿಷಯದಲ್ಲಿ ಅವನು ಚಿಕ್ಕಂದಿನಿಂದಲೂ ಹೀಗೆಯೇ. ಅವ್ವ ಬೇಗ ಹೋದಳು, ಬೆಳೆಸಿದವಳು ನಾನು. ಎಂಟು ವರ್ಷದವನಿದ್ದಾಗ ಒಂದು ಸಂಕ್ರಾಂತಿಯ ಸಂಜೆ ಗಾಳಿಪಟ ಹಾರಿಸುತ್ತಿದ್ದ. ಆರಕ್ಕೆ ಓದಲು ಕೂರಬೇಕೆಂಬುದು ಮನೆಯ ಕಾನೂನು. ಆರೂ ಐದಾಯಿತು. ಮಹಡಿ ಹತ್ತಿದೆ. ಪಟ ಆಕಾಶದಲ್ಲಿ ಸಾಸಿವೆಯಷ್ಟಾಗಿತ್ತು. "ಅಕ್ಕ, ಇನ್ನೂ ಭಾಳ ದಾರ ಐತಿ, ಬಿಡ್ಲಿ?" ಎಂದ. ನಾನು ಕತ್ತರಿ ತೆಗೆದು ದಾರ ಕತ್ತರಿಸಿದೆ. ಅವನು ಅಳಲಿಲ್ಲ. ಚಕ್ರಿಗೆ ಉಳಿದ ದಾರವನ್ನು ಸುತ್ತುತ್ತ ಇಳಿದು ಬಂದು ಆರೂ ಎಂಟಕ್ಕೆ ಓದಲು ಕೂತ. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅವನ ಮಾರ್ಗ ಲಿಂಗಂಪಲ್ಲಿಯ ನಮ್ಮ ಬೀದಿಗೇ ಬಂತು. ಪ್ರಯೋಗಕ್ಕೆಂದು ಕೊನೆಯ ಎಳೆಯನ್ನು ನಮ್ಮ ಮನೆಯೊಳಗೇ ತಂದು ಮುಗಿಸಿದ. ಗೇಟಿನ ಹತ್ತಿರದ ಗುಂಡಿಯಿಂದ ಅಂಗಳದ ಅಡಿಯ ಪೈಪಿನಲ್ಲಿ ಪಡಸಾಲೆಯ ಮೂಲೆಗೆ, ಅಲ್ಲಿಂದ ಗೋಡೆಯ ಡಬ್ಬಿಗೆ. ನಡುವೆ, ಬೀರುವಿನ ಹಿಂದೆ, ಕಪ್ಪನೆಯ ಒಂದು ದೊಡ್ಡ ಸುರುಳಿ. "ಅಸಹ್ಯ ಕಾಣ್ತದೋ" ಎಂದೆ. "ಅದಕ್ಕ ಕೈ ಹಚ್ಚಬ್ಯಾಡಕ್ಕ" ಎಂದ. ಮಳೆಗಾಲವೊಂದು ಪೂರ್ತಿ ಆ ಸುರುಳಿ ಅಲ್ಲಿತ್ತು. ನನಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಪರೀಕ್ಷೆಯ ದಿನ ಬಂತು. ಸಂಜೆ ನಾಲ್ಕಕ್ಕೆ ದೊಡ್ಡ ಎಂಜಿನಿಯರ್ ನಮ್ಮ ಮನೆಗೇ ಬಂದು ಬೆಳಕು ಅಳೆಯುವುದೆಂದು ಗೊತ್ತಾಗಿತ್ತು. ಪಾಸಾದರೆ ಮಣಿಕೊಂಡದ ಕಡೆಯ ಇಡೀ ಮಾರ್ಗ ತಮ್ಮನ ಕೈಗೆ. ಇಲ್ಲದಿದ್ದರೆ, "ಈ ಕನಸುಗಾರನನ್ನು ಗೋದಾಮಿಗೆ ಹಾಕಿ" ಎಂದು ಮೇಲಿನವರು ಆಗಲೇ ಹೇಳಿಯಾಗಿತ್ತು. ಮಣ್ಣು, ಗಾಳಿ, ಪೈಪು ಬಿಟ್ಟು ತಗಡಿನ ಶೆಡ್ಡಿನಲ್ಲಿ ಖಾಲಿ ಡ್ರಮ್ಮುಗಳ ನಡುವೆ ಅವನು ಬದುಕುತ್ತಾನೆಯೇ?

ದೊಡ್ಡವರು ಬರುವ ಮನೆ ಹೇಗಿರಬೇಕು? ಹನ್ನೊಂದಕ್ಕೆ ಪಡಸಾಲೆಯ ಶುಚಿ ಆರಂಭಿಸಿದೆ. ಹನ್ನೊಂದೂ ಇಪ್ಪತ್ತಕ್ಕೆ ಬೀರುವಿನ ಹಿಂದೆ ಬಂದೆ. ಆಮೇಲೆ ಏನಾಯಿತೆಂದು ನೀವು ಊಹಿಸಿರುತ್ತೀರಿ.

ಒಂದು ಗಂಟೆಗೆ ಊಟಕ್ಕೆ ಬಂದ ತಮ್ಮ ರೂಢಿಯಂತೆ ಬೀರುವಿನ ಹಿಂದೆ ಇಣುಕಿದ.

"ಅಕ್ಕ, ಸುರುಳಿ ಎಲ್ಲೈತಿ?"

"ಕಸದ ಗಾಡ್ಯಾಗ. ಗಾಡಿ ಹೋಗಿ ಒಂದು ತಾಸಾತು."

"ಕತ್ತರಿಸಿದಿ?"

"ಸುಮ್ಮನ ಬಿಟ್ಟಿಲ್ಲೋ. ಎರಡೂ ತುದಿ ಹೊಸದು ಟೇಪ್ ಹಚ್ಚಿ ಗಟ್ಟಿ ಜೋಡಿಸೀನಿ. ಆಸ್ಪತ್ರ್ಯಾಗ ಕರೆಗಂಟಿ ವೈರ್ ಹರದ್ರ ನಾನ ಜೋಡಿಸ್ತಿದ್ದೆ."

"ಅದು ತಾಮ್ರ, ಅಕ್ಕ. ಇದು ಗಾಜು."

ಗೇಟಿನ ಕಡೆಯಿಂದ ಕೆಂಪು ಬೆಳಕು ಬಿಟ್ಟು ಬಂದು ತೋರಿಸಿದ. ನಾನು ನೀಟಾಗಿ ಸುತ್ತಿದ ಬಿಳಿ ಟೇಪಿನ ಅಡಿಯಲ್ಲಿ ಬೆಳಕು ನಿಂತುಬಿಟ್ಟಿತ್ತು. ಬ್ಯಾಂಡೇಜಿನೊಳಗೆ ರಕ್ತ ಇಣುಕುವಂತೆ. ಎಷ್ಟೋ ಗಾಯ ಕಂಡ ನಾನು ಆ ಗಾಯ ನೋಡಲಾರದೆ ಪಕ್ಕಕ್ಕೆ ತಿರುಗಿದೆ. ಟೇಪ್ ಬಿಚ್ಚಿದರೆ, ತುದಿಗಳನ್ನು ಹೊಸದಾಗಿ ಸವರಿ ಬೆಸೆಯುವಷ್ಟು ಉದ್ದ ಎರಡರಲ್ಲೂ ಉಳಿದಿರಲಿಲ್ಲ. ಬೈಯಲಿ ಎಂದು ಕಾದೆ. ಬೈದರೆ ಉತ್ತರ ಸಿದ್ಧವಿತ್ತು. ಅವನು ಬೈಯಲಿಲ್ಲ. ಚಪಾತಿ ಸುತ್ತಿ ಸುತ್ತಿ ಉಂಡು, ಕೈತೊಳೆದು, "ಹೊರಗ ಬಾ" ಎಂದ.

ಗೇಟಿನ ಪಕ್ಕದ ಶಹಾಬಾದ್ ಕಲ್ಲನ್ನು ಹಾರೆಯಿಂದ ಎತ್ತಿದ. ಗುಂಡಿಯೊಳಗೆ ಇನ್ನೊಂದು ಸುರುಳಿ ತಣ್ಣಗೆ ಮಲಗಿತ್ತು. ಪ್ರತಿ ಉಳಿಕೆಗೂ ಇವರು ಒಂದು ಚೀಟಿ ಕಟ್ಟುತ್ತಾರೆ; ಗುಂಡಿಯ ಸಂಖ್ಯೆ, ಎಷ್ಟು ಮೀಟರ್ ಎಂದು. ಈ ಚೀಟಿಯಲ್ಲಿ ಗುಂಡಿಯ ಸಂಖ್ಯೆ ಇರಲಿಲ್ಲ. ಮಳೆಗಾಲದ ತೇವಕ್ಕೆ ಅಂಚು ಹರಡಿದ್ದ ಅಕ್ಷರಗಳಲ್ಲಿ ಬರೆದಿತ್ತು: "ಅಕ್ಕನ ಕತ್ತರಿಗೆ, ಹದಿನೈದು ಮೀಟರ್."

ನಾನು ಓದಿದ್ದನ್ನು ಅವನು ನೋಡಲಿಲ್ಲವೆಂಬಂತೆ ಚೀಟಿ ಬಿಚ್ಚಿ, ಸುತ್ತಿ, ಜೇಬಿಗೆ ಹಾಕಿಕೊಂಡ.

ಪರೀಕ್ಷೆಯ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ನಡುವೆ ಬಿಟ್ಟು ಅಭ್ಯಾಸವಿಲ್ಲ. ಬೆಸುಗೆಗೆ ಧೂಳು ಸೋಕಬಾರದೆಂದು ಅವ್ವನ ಸೀರೆಯನ್ನೇ ಪಡಸಾಲೆಯಲ್ಲಿ ಡೇರೆ ಮಾಡಿದೆವು. ಫ್ಯಾನ್ ನಿಲ್ಲಿಸಿ, ಉಸಿರು ಹಿಡಿದು, ಇಳಕಲ್ಲಿನ ಕೆಂಪು ನೆರಳಿನಲ್ಲಿ ಕೂತೆವು. ಎಳೆಯ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿದವಳು ನಾನು. ಆ ವಾಸನೆಗೆ ನನ್ನ ಕೈ ಹಳೆಯ ಸ್ಥಿರತೆಗೆ ಬಂತು. ತಮ್ಮ ತಂದ ಬೆಸುಗೆ ಯಂತ್ರದೊಳಗೆ ಒಂದು ಕಿಡಿ ಹಾರಿ ಗಾಜಿಗೆ ಗಾಜು ಸೇರಿತು. ನಾಲ್ಕಕ್ಕೆ ಬಂದ ಎಂಜಿನಿಯರ್ ಅಳತೆ ನೋಡಿ ಮೆಚ್ಚಿ ಮೂರು ಸಲ "ಬಾಗುಂದಿ" ಎಂದು, ಜೋಡಣೆಗೆ ತುದಿಯನ್ನು ಇಷ್ಟು ಶುಚಿ ಮಾಡಿದವರು ಯಾರೆಂದು ಕೇಳಿದರು. "ಮಾ ಅಕ್ಕ" ಎಂದ ತಮ್ಮ. ಅವರು ನನ್ನ ಸೊಂಟದ ಕತ್ತರಿಯನ್ನು ಗೌರವದಿಂದ ನೋಡಿ ಎರಡನೆಯ ಕಪ್ ಚಹಾ ಕುಡಿದರು. ಮಣಿಕೊಂಡದ ಮಾರ್ಗ ತಮ್ಮನಿಗೇ ಸಿಕ್ಕಿತು.

ಆದರೆ ಬೆಸುಗೆಗೆ ಮೊದಲಿನ ಹತ್ತು ನಿಮಿಷದ ಸಂಗತಿ ಹೇಳುವುದು ಉಳಿದಿದೆ. ಗುಂಡಿಯ ಸುರುಳಿಯಿಂದ ಅವನು ಕೇಬಲ್ ಬಿಡಬೇಕು, ಒಳಗಿನ ಮೂಲೆಯಿಂದ ನಾನು ಎಳೆದುಕೊಳ್ಳಬೇಕು. ನೆಲದ ಮೇಲೆ ಕೂತೆ. ಪೈಪಿನ ಬಾಯಿಯಿಂದ ತಂಪು ಗಾಳಿ ಬರುತ್ತಿತ್ತು. ಅದರ ಜೊತೆಗೆ ಅವನ ದನಿ, ನೆಲದ ಕೆಳಗಿಂದ, ಎಷ್ಟೋ ದೂರದಿಂದ ಬಂದಂತೆ, ಮಗುವಿನ ದನಿಯಷ್ಟು ಸಣ್ಣಗಾಗಿ ಬಂತು.

"ಮೆಲ್ಲಕ ಎಳಿ, ಅಕ್ಕ."

ಎಳೆದೆ. ಅವನು ಬಿಟ್ಟ. ಮುಖಕ್ಕೆ ಮುಖ ಕೊಟ್ಟು ಆಡಲಾಗದ್ದನ್ನು ಪೈಪಿಗೆ ಹೇಳುವುದು ಸುಲಭ. ಬಗ್ಗಿ ಅದರ ಬಾಯಿಗೆ ಬಾಯಿಟ್ಟು ಹೇಳಿದೆ.

"ತಪ್ಪಾತೋ."

"ಸುರುಳಿದೇನು ಬಿಡು."

"ಸುರುಳಿದಲ್ಲ. ಗಾಳಿಪಟದ್ದು."

ಅವನು ಅಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿ, ಕಿವಿಯಿಟ್ಟಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಕೈಯಲ್ಲಿದ್ದ ಕೇಬಲ್ ಸಡಿಲವಾಗಿ ಒಂದು ಮಾರು ಮುಂದೆ ಬಂತು.

"ಎಳಿ, ಅಕ್ಕ. ಇನ್ನೂ ಭಾಳ ದಾರ ಐತಿ."