ಭಾವನವರ ಊಟದ ಪ್ರಾರ್ಥನೆ

ನಮ್ಮ ಮನೆಯಲ್ಲಿ ಒಂದು ಸಂತೋಷದ ದಿನ ಬಂತೆಂದರೆ ಸಾಕು, ನನಗೆ ಬಿ.ಪಿ. ಏರುತ್ತದೆ. ಇದು ಇಂದು ನಿನ್ನೆಯ ಕಥೆಯಲ್ಲ. ಮಗಳು ಹುಟ್ಟಿದಾಗಿನಿಂದ ನಡೆದುಕೊಂಡು ಬಂದಿದೆ, ಮೊನ್ನೆ ಮೊನ್ನೆಯೂ ನಡೆದಿದೆ. ಕಾರಣ ಒಬ್ಬರೇ. ನಮ್ಮ ಯಜಮಾನರ ಅಣ್ಣ, ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಭಾವನವರು.

ಅವರು ಕೆಟ್ಟವರಲ್ಲ. ಹಾಗೆಂದು ಎಲ್ಲರೂ ಹೇಳುತ್ತಾರೆ, ಅದನ್ನು ಕೇಳಿದಾಗಲೆಲ್ಲ ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದೊಡ್ಡ ಮೆಷಿನ್ ಪಕ್ಕ ನಿಂತು ದುಡಿದವರು, ಹಾಗಾಗಿ ಮೆಲ್ಲಗೆ ಮಾತಾಡುವುದು ಅವರಿಗೆ ಬರುವುದಿಲ್ಲ. ಅದೂ ಹೋಗಲಿ. ನಮ್ಮ ಕುಟುಂಬದಲ್ಲಿ ಯಾವ ಶುಭಕಾರ್ಯವಿದ್ದರೂ ಊಟಕ್ಕೆ ಮುಂಚೆ ಮನೆಯ ಹಿರಿಯರು ಪ್ರಾರ್ಥನೆ ಮಾಡಬೇಕು. ಮಾವನವರು ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರಿಂದ ಆ ಹಿರಿಯರು ಇವರೇ. ಪ್ರಾರ್ಥನೆ ಮುಗಿಯುವ ತನಕ ಎಲ್ಲರೂ ಕಣ್ಣು ಮುಚ್ಚಿರಬೇಕು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಆಮೆನ್ ಆದಮೇಲೆ ಆ ಬಗ್ಗೆ ಜಗಳ ತೆಗೆಯುವಂತಿಲ್ಲ. ಇಂಥ ಸವಲತ್ತು ಕೈಗೆ ಸಿಕ್ಕ ಮನುಷ್ಯ ಅದನ್ನು ಹೇಗೆಲ್ಲ ಬಳಸಿಕೊಂಡರು ಎಂದು ಕೇಳಿ.

ಬಿಳಿ ಫ್ರಾಕಿನ ದಿನ

ಮಗಳು ಹುಟ್ಟಿದ್ದು ನಮ್ಮ ಮದುವೆಯಾಗಿ ಆರು ವರ್ಷಕ್ಕೆ. ದೀಕ್ಷಾಸ್ನಾನಕ್ಕೆ ನಾನೇ ಬಿಳಿ ಫ್ರಾಕ್ ಹೊಲಿದಿದ್ದೆ. ಹೊಲಿಗೆ ನನ್ನ ಕಸುಬು, ಹೊಸಮನೆ ಬಡಾವಣೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಈಗಲೂ ನನ್ನ ಮೆಷಿನ್ ಇದೆ. ಆರಾಧನೆ ಮುಗಿಸಿ ಊಟಕ್ಕೆ ಭದ್ರಾವತಿಯ ದೊಡ್ಡ ಮನೆಗೆ ಹೋದೆವು. ದಾವಣಗೆರೆಯಿಂದ ನನ್ನ ತಾಯಿಯೂ ಬಂದಿದ್ದರು.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಾನು ಭಾವನವರ ಹೆಂಡತಿಗೆ ಒಂದು ಮಾತು ಹೇಳಿದೆ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಮಗುವಿಗೆ ನನ್ನ ತಾಯಿಯ ಹೆಸರಿಡುವ ಆಸೆ ಇತ್ತು, ಅತ್ತೆಯವರು ಹಟ ಹಿಡಿದು ತಮ್ಮ ಹೆಸರನ್ನೇ ಇಡಿಸಿದರು, ನನಗೆ ಒಳಗೊಳಗೇ ಬೇಜಾರಿದೆ ಎಂದೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಅಕ್ಕ ತಲೆಯಾಡಿಸಿದರು.

ಎಲೆ ಹಾಕಿ, ಬಿರಿಯಾನಿ ಬಡಿಸಿ, ಎಲ್ಲರೂ ಕಣ್ಣು ಮುಚ್ಚಿದೆವು. ಭಾವನವರು ಮಗುವಿಗಾಗಿ ಸ್ತೋತ್ರ ಹೇಳಿದರು, ಡಾಕ್ಟರಿಗಾಗಿ ಹೇಳಿದರು, ನರ್ಸಿಗಾಗಿಯೂ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಕರ್ತನೇ, ಈ ಮಗುವಿನ ಹೆಸರಿನ ವಿಷಯದಲ್ಲಿ ತನ್ನ ಅತ್ತೆಯ ಮೇಲೆ ಒಳಗೊಳಗೇ ಮುನಿಸಿಕೊಂಡಿರುವ ನಿನ್ನ ದಾಸಿಯ ಹೃದಯವನ್ನು ಮೃದುಮಾಡು."

ನಾನು ಕಣ್ಣು ಬಿಟ್ಟೆ. ಎದುರಿನ ಎಲೆಯ ಮುಂದೆ ಅತ್ತೆಯವರೂ ಕಣ್ಣು ಬಿಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಟ್ಟನೆ ಮತ್ತೆ ಮುಚ್ಚಿಕೊಂಡೆವು. ಆಮೇಲೆ ಒಂದು ತಿಂಗಳು ಅವರು ನನ್ನ ಹತ್ತಿರ ಮಾತಾಡಲಿಲ್ಲ. ಆ ದಿನ ಬಸ್ ಹತ್ತುವಾಗ ನನ್ನ ತಾಯಿ ತುಂಬ ಭಕ್ತಿಯಿಂದ, ನಿಮ್ಮ ಭಾವನವರಿಗೆ ಇಂಥದ್ದೆಲ್ಲ ದೇವರೇ ತಿಳಿಸುತ್ತಾನೇನೇ ಎಂದು ಕೇಳಿದರು.

ನಾನೆಂದೆ, "ದೇವ್ರು ಪಾಪ ಯಾರ್ ಗುಟ್ಟೂ ಬಿಡಲ್ಲಮ್ಮ. ಬಿಡೋದು ಅಕ್ಕ."

ಮೂವತ್ತೆಂಟು

ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಗಣಿತದಲ್ಲಿ ಮಾತ್ರ ಮೂವತ್ತೆಂಟು. ಕನ್ನಡ, ಸಮಾಜ ಎಲ್ಲ ಸೇರಿ ಅವಳನ್ನು ಎತ್ತಿ ದಡ ಸೇರಿಸಿದ್ದವು. ನಾನು ಬೀದಿಯಲ್ಲೆಲ್ಲ ಫಸ್ಟ್ ಕ್ಲಾಸ್ ಎಂದು ಪೇಡ ಹಂಚಿದೆ. ಹಂಚುವಾಗ ಯಾವ ವಿಷಯದಲ್ಲಿ ಎಷ್ಟು ಎಂದು ಹೇಳುತ್ತಾ ಹೋಗಬೇಕು ಎಂಬ ಕಾನೂನೇನೂ ಇಲ್ಲವಲ್ಲ.

ಆ ಸಂಜೆ ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡೆವು. ಪಕ್ಕದ ಮನೆಯ ಆಂಟಿಯನ್ನೂ ಕರೆದಿದ್ದೆ. ದಿನಾ ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ಕಾಫಿ ಕುಡಿಯದವರು, ಆದರೂ ನಮ್ಮ ಪ್ರಾರ್ಥನೆಗೆ ಬಂದು ಎಲ್ಲರಿಗಿಂತ ಗಟ್ಟಿಯಾಗಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅವರ ಮಗ ಆ ವರ್ಷ ಇಂಜಿನಿಯರಿಂಗ್ ಓದುತ್ತಿದ್ದ. ಅದನ್ನು ಅವರು ನನಗೆ ದಿನಕ್ಕೊಮ್ಮೆ ನೆನಪಿಸುತ್ತಿದ್ದರು.

ಅಂಕಪಟ್ಟಿಯನ್ನು ನಾನು ಸೀರೆಗಳ ಕೆಳಗೆ ಇಟ್ಟಿದ್ದೆ. ನಮ್ಮ ಯಜಮಾನರು ಅದನ್ನು ಹುಡುಕಿ ತೆಗೆದು ಅಣ್ಣನಿಗೆ ತೋರಿಸಿದ್ದಾರೆ. ಅಣ್ಣ ಕೇಳಿದರೆ ಇಲ್ಲ ಅನ್ನಲು ಆ ಮನುಷ್ಯನಿಗೆ ನಾಲಿಗೆ ಏಳುವುದಿಲ್ಲ.

"ಗಣಿತದಲ್ಲಿ ಬರೀ ಮೂವತ್ತೆಂಟು ತೆಗೆದಿದ್ದರೂ ಈ ಮಗಳನ್ನು ಕೈಬಿಡದ ಕರ್ತನೇ, ಮುಂದಕ್ಕಾದರೂ ಅವಳ ತಲೆಗೆ ಲೆಕ್ಕ ಹತ್ತುವಂತೆ ಮಾಡು" ಎಂದು ಭಾವನವರು ಬೀದಿಗೆ ಕೇಳುವಂತೆ ಬೇಡಿಕೊಂಡರು. ನಾನು ಹಲ್ಲು ಕಚ್ಚಿ ನಿಂತೆ. ಮಗಳು ನನ್ನ ಸೆರಗು ಹಿಡಿದುಕೊಂಡು ಅಳು ನುಂಗುತ್ತಿದ್ದಳು.

ಆಂಟಿ ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ.

"ಲೆಕ್ಕ ಹೇಳ್ಕೊಡೋಕೆ ನನ್ ಮಗನ್ನೇ ಕಳಿಸ್ತೀನಿ ಕಣ್ರೀ. ಇಷ್ಟಕ್ಕೆಲ್ಲ ದೇವ್ರಿಗ್ಯಾಕೆ ತೊಂದ್ರೆ ಕೊಡ್ತೀರಿ."

ಸ್ಕೂಟರಿನ ಮೇಲೆ ಕೈ

ಮಗಳಿಗೆ ಕೆಲಸ ಸಿಕ್ಕಿತು, ಅವಳೇ ಒಂದು ಸ್ಕೂಟರ್ ತಂದಳು. ಹೊಸ ಗಾಡಿ ಬಂದರೆ ಪ್ರಾರ್ಥನೆ ಮಾಡಿಸದೆ ನಾವು ಓಡಿಸುವುದಿಲ್ಲ. ಈ ಸಲ ನಾನು ಅಕ್ಕನಿಗೂ ಏನೂ ಹೇಳಲಿಲ್ಲ, ಯಜಮಾನರಿಗೂ ಎಚ್ಚರಿಕೆ ಕೊಟ್ಟಿದ್ದೆ. ಅಷ್ಟೆಲ್ಲ ಮಾಡಿದರೆ ಮಗಳೇ ದೊಡ್ಡಪ್ಪನ ಪಕ್ಕ ಕೂತು, ಲೈಸೆನ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲಾದದ್ದನ್ನು ನಗುತ್ತಾ ಹೇಳಿಕೊಂಡಿದ್ದಾಳೆ. ಎಷ್ಟು ಸಲ ಸುಟ್ಟುಕೊಂಡರೂ ಈ ಹುಡುಗಿಗೆ ಬುದ್ಧಿ ಬರಲಿಲ್ಲ.

ಮನೆಯ ಮುಂದೆ ರಸ್ತೆಯಲ್ಲೇ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಕೈಯಿಟ್ಟು ಭಾವನವರು ಶುರುಮಾಡಿದರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಟ್ರಾಫಿಕ್ ಪೊಲೀಸಿನವರಿದ್ದಾರೆ. ಡ್ಯೂಟಿ ಮುಗಿಸಿ ಬರುತ್ತಿದ್ದವರು, ಪ್ರಾರ್ಥನೆ ನಡೆಯುತ್ತಿದೆ ಎಂದು ಮರ್ಯಾದೆಯಿಂದ ಟೋಪಿ ತೆಗೆದು ನಿಂತುಕೊಂಡರು.

"ಎರಡು ಸಲ ಫೇಲಾಗಿ, ಲೈಸೆನ್ಸ್ ಇಲ್ಲದೆಯೇ ನಾಳೆಯಿಂದ ಆಫೀಸಿಗೆ ಗಾಡಿ ಓಡಿಸಲಿರುವ ಈ ಮಗಳನ್ನು ಸಕಲ ಅಪಾಯಗಳಿಂದಲೂ ಪೊಲೀಸರಿಂದಲೂ ಕಾಪಾಡು" ಎಂದು ಭಾವನವರು ಪ್ರಾರ್ಥಿಸಿದರು.

ಆಮೆನ್ ಎಂದು ಕಣ್ಣು ಬಿಟ್ಟರೆ ಎದುರಿಗೆ ಖಾಕಿ. ಅವರು ನಿಧಾನವಾಗಿ ಟೋಪಿ ಹಾಕಿಕೊಂಡು, ಕೀ ಇಸಿದುಕೊಂಡು, ತಾವೇ ಗಾಡಿಯನ್ನು ತಳ್ಳಿ ನಮ್ಮ ಕಾಂಪೌಂಡಿನ ಒಳಗೆ ನಿಲ್ಲಿಸಿ, ಕೀಯನ್ನು ನನ್ನ ಕೈಗೆ ಕೊಟ್ಟರು.

"ಮೂರನೇ ಸಲ ಪಾಸಾಗ್ಲಿ ಮೇಡಂ, ಆಮೇಲೆ ಹೊರಗ್ ತೆಗೀರಿ. ನಾನೂ ಆಮೆನ್ ಅಂದಿದೀನಿ."

ಪ್ರಾರ್ಥನೆ ಮಾಡಿ ತಿಳಿಸ್ತೀವಿ

ಇಲ್ಲಿಯ ತನಕ ನಗಬಹುದು. ಈಗ ಹೇಳುವುದಕ್ಕೆ ಉಳಿದವರೆಲ್ಲ ನಕ್ಕರೂ ನನಗೆ ಇವತ್ತಿಗೂ ನಗು ಬರುವುದಿಲ್ಲ.

ಮಗಳಿಗೆ ಗಂಡು ನೋಡಲು ಶುರುಮಾಡಿದೆವು. ಮೂರು ಸಂಬಂಧ ಬಂದು ಏನೇನೋ ಕಾರಣಕ್ಕೆ ತಪ್ಪಿಹೋದವು. ನಾಲ್ಕನೆಯದು ಹಾಸನದ ಕಡೆಯದು, ಒಳ್ಳೆಯ ಜನ. ಹುಡುಗ ಮಗಳಿಗೆ ಹಿಡಿಸಿದ್ದ. ಅವಳು ಬೆಳಿಗ್ಗೆಯಿಂದ ಮೂರು ಸೀರೆ ಉಟ್ಟು ಬಿಚ್ಚಿದ್ದಳು, ಅದರಲ್ಲೇ ನನಗೆ ಗೊತ್ತಾಯಿತು. ತಿಂಡಿ ತಟ್ಟೆಗಳು ಬಂದವು, ಭಾವನವರು ಎದ್ದು ನಿಂತರು.

"ಕರ್ತನೇ, ಈ ಮನೆಗೆ ಹೆಣ್ಣು ನೋಡಲು ಬಂದವರಲ್ಲಿ ಇವರು ನಾಲ್ಕನೆಯವರು. ಹಿಂದಿನ ಮೂವರ ಹಾಗೆ ಮಾಡದೆ, ಇವರಿಗಾದರೂ ಒಳ್ಳೆಯ ಮನಸ್ಸು ಕೊಡು."

ಹುಡುಗನ ತಾಯಿ ಕೇಸರಿಬಾತನ್ನು ಅರ್ಧಕ್ಕೆ ಬಿಟ್ಟರು. ಮೂವರು ಯಾಕೆ ಬಿಟ್ಟರು ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಪ್ರಾರ್ಥನೆ ಮಾಡಿ ತಿಳಿಸ್ತೀವಿ ಎಂದು ಹೇಳಿ ಹೊರಟರು. ನಮ್ಮ ಜನರಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥ.

ಮಗಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಮುಂದಿನ ಸಲ ದೊಡ್ಡಪ್ಪ ಪ್ರಾರ್ಥನೆ ಮಾಡಿದರೆ ನಾನು ಹೊರಗೇ ಬರುವುದಿಲ್ಲ, ನನಗೆ ಮದುವೆಯೇ ಬೇಡ ಎಂದಳು. ನನ್ನ ಮಗಳ ಜೀವನದ ಒಂದು ಒಳ್ಳೆಯ ದಿನವನ್ನೂ ಈ ಮನುಷ್ಯ ನೆಟ್ಟಗೆ ಬಿಡಲಿಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ, ಅಷ್ಟು ವರ್ಷದಲ್ಲಿ ಮೊದಲ ಸಲ ಭಾವನವರ ಎದುರು ದನಿಯೆತ್ತಿದೆ. ಇದನ್ನೆಲ್ಲ ಯಾಕೆ ಹೇಳಬೇಕಿತ್ತು ಎಂದು ಕೇಳಿದೆ.

"ದೇವ್ರ ಮುಂದೆ ಮುಚ್ಚಿಡೋಕಾಗುತ್ತೇನಮ್ಮ?" ಎಂದರು.

"ದೇವ್ರಿಗೆ ಮೊದ್ಲೇ ಗೊತ್ತು ಭಾವ. ಗೊತ್ತಿಲ್ದೇ ಇದ್ದಿದ್ದು ಹಾಸನದವ್ರಿಗೆ."

ಅವರು ತಟ್ಟೆಯಲ್ಲಿದ್ದ ವಡೆಯನ್ನೂ ಮುಟ್ಟದೆ ಭದ್ರಾವತಿ ಬಸ್ ಹತ್ತಿದರು. ಮಾರನೆಯ ದಿನ ಅಕ್ಕ ಫೋನ್ ಮಾಡಿ, ನಿಮ್ಮ ಭಾವ ಸರಿಯಾಗಿ ಊಟ ಮಾಡುತ್ತಿಲ್ಲ, ಅವರಿಗಾಗಿ ನೀನು ಸ್ವಲ್ಪ ಪ್ರಾರ್ಥನೆ ಮಾಡು ಮಾರಾಯ್ತಿ ಎಂದರು.

ಆರು ಸಾಲು

ಐದನೆಯ ಸಂಬಂಧ ಇದೇ ಊರಿನದು, ಗೋಪಾಳ ಬಡಾವಣೆಯವರು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಮನೆಯಲ್ಲಿ ಎಲ್ಲರಿಗೂ ಲೆಕ್ಕ ಎಂದರೆ ನೀರು ಕುಡಿದ ಹಾಗೆ ಎಂದು ಅವನ ತಾಯಿ ಹೇಳಿದಾಗ ನಾನು ನಕ್ಕು ಸುಮ್ಮನಾಗಿದ್ದೆ. ಹುಡುಗ ಹುಡುಗಿ ಒಪ್ಪಿದರು, ನಿಶ್ಚಿತಾರ್ಥದ ದಿನವೂ ಗೊತ್ತಾಯಿತು. ಮೂವತ್ತೆಂಟು ಹೊರಗೆ ಬರದಂತೆ ಆ ದಿನವನ್ನು ದಾಟಿಸುವುದು ನನ್ನ ಕೆಲಸ.

ಹಿರಿಯರನ್ನು ಬಿಟ್ಟು ಊಟದ ಪ್ರಾರ್ಥನೆ ಬೇರೆಯವರ ಕೈಯಲ್ಲಿ ಮಾಡಿಸಿದರೆ ಕುಟುಂಬವೇ ಒಡೆದುಹೋಗುತ್ತದೆ ಎಂದು ಯಜಮಾನರು ಹೇಳಿದರು. ಹಾಗಾದರೆ ಅವರು ಏನು ಹೇಳಬೇಕೆಂದು ನಾನೇ ಬರೆದುಕೊಡುತ್ತೇನೆ ಎಂದೆ. ಆರು ಸಾಲು ಬರೆದೆ. ಬೆಳಿಗ್ಗೆ ಭಾವನವರ ಕೈಗೆ ಕೊಟ್ಟು, ಇದರ ಮೇಲೆ ಒಂದಕ್ಷರವೂ ಕೂಡದು ಭಾವ, ನನ್ನ ಮೇಲಾಣೆ ಎಂದೆ. ಅವರು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಆಯಿತಮ್ಮ ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದೆವು. ನಮ್ಮ ಸಭೆಯ ಪಾದ್ರಿ ಅಯ್ಯನವರು ಹುಡುಗ ಹುಡುಗಿಯ ಬೈಬಲ್, ಉಂಗುರ ಅದಲುಬದಲು ಮಾಡಿಸಿದರು. ಮಗಳು ನಗುತ್ತಿದ್ದಳು. ಎಲ್ಲರ ಎಲೆಗೂ ಬಿಸಿ ಬಿರಿಯಾನಿ ಬಿತ್ತು. ಭಾವನವರು ಎದ್ದು ಚೀಟಿ ತೆಗೆದರು, ನಾವು ಕಣ್ಣು ಮುಚ್ಚಿದೆವು.

"ಕರ್ತನೇ, ಇವತ್ತು ಓದುವ ಈ ಆರು ಸಾಲನ್ನು ನನ್ನ ತಮ್ಮನ ಹೆಂಡತಿ ಬರೆದುಕೊಟ್ಟಿದ್ದಾಳೆ. ಇದಕ್ಕಿಂತ ಹೆಚ್ಚು ಹೇಳಬಾರದು ಅಂತ ಆಣೆ ಹಾಕಿದ್ದಾಳೆ. ಯಾಕೆ ಅನ್ನೋದು ನಿನಗೇ ಗೊತ್ತು."

ಆಮೇಲೆ ಆರು ಸಾಲನ್ನು ತಪ್ಪಿಲ್ಲದೆ ಓದಿದರು. ಆದರೆ ಅಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು. ಗೋಪಾಳದವರೆಲ್ಲ ಕಣ್ಣು ಮುಚ್ಚಿಕೊಂಡೇ, ಯಾಕೆ ಎಂದು ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಭಾವನವರು ಆಮೆನ್ ಹೇಳುವ ಮೊದಲೇ ನಾನು ಎದ್ದು ನಿಂತೆ. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ, ಸರಿ. ಇನ್ನೊಂದು ಪ್ರಾರ್ಥನೆ ಶುರುಮಾಡಬಾರದು ಎಂದು ಎಲ್ಲೂ ಇಲ್ಲ.

"ಕರ್ತನೇ, ನನ್ನ ಮಗಳು ಗಣಿತದಲ್ಲಿ ಮೂವತ್ತೆಂಟು ತೆಗೆದಳು ಅಂತ ಬೀದಿಗೆಲ್ಲ ಸಾರಿದ, ಲೈಸೆನ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲಾದಳು ಅಂತ ಪೊಲೀಸರಿಗೇ ತಿಳಿಸಿದ, ಮೂರು ಸಂಬಂಧ ತಪ್ಪಿಹೋದವು ಅಂತ ಹೇಳಿ ನಾಲ್ಕನೆಯದನ್ನೂ ಓಡಿಸಿದ ಈ ನಾಲಿಗೆಗೆ ಇವತ್ತಾದರೂ ಒಂದು ಬೀಗ ಹಾಕು ತಂದೆಯೇ."

ಹೇಳಿ ಮುಗಿಸಿದ ಮೇಲೆ ನನಗೆ ಗೊತ್ತಾಯಿತು. ಆ ದಿನ ಭಾವನವರು ಈ ಮೂರರಲ್ಲಿ ಒಂದನ್ನೂ ಹೇಳಿರಲಿಲ್ಲ. ಹೇಳಿದವಳು ನಾನು. ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಎಲ್ಲ ಮುಗಿಯಿತು, ನನ್ನ ಕೈಯಾರೆ ಮುಗಿಸಿದೆ ಎಂದುಕೊಂಡೆ.

ಆಗ ಹುಡುಗನ ತಾಯಿಯ ದನಿ ಕೇಳಿಸಿತು.

"ಕರ್ತನೇ, ನಿನಗೆ ಸ್ತೋತ್ರ. ನಮ್ಮ ಹುಡುಗ ಲೈಸೆನ್ಸ್ ಟೆಸ್ಟಿಗೆ ನಾಲ್ಕು ಸಲ ಹೋಗಿ ಬಂದ. ಈಗಲೂ ಶಾಲೆಗೆ ಅವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದೇನೆ. ಎರಡೇ ಸಲ ಫೇಲಾದ ಈ ಮಗಳನ್ನು ನಮಗೆ ಕೊಟ್ಟಿದ್ದಕ್ಕಾಗಿ ವಂದನೆ."

ಅದು ಅಲ್ಲಿಗೇ ನಿಲ್ಲಲಿಲ್ಲ. ಅವರ ಮುಂದೆ ಕೂತಿದ್ದ ಅವರ ಯಜಮಾನರು, ಹುಡುಗನಿಗೂ ಮೂರು ಕಡೆ ಹೆಣ್ಣು ನೋಡಿದ್ದನ್ನು ದೇವರಿಗೆ ಒಪ್ಪಿಸಿದರು. ಹುಡುಗನ ಅಜ್ಜಿ ತಮ್ಮ ಮಗನ ಎಸ್ಸೆಸ್ಸೆಲ್ಸಿ ಗಣಿತದ ಅಂಕಗಳಿಂದಲೇ ಶುರುಮಾಡಿದರು. ಎಂದೂ ಬಾಯಿಬಿಡದ ನಮ್ಮ ಯಜಮಾನರೂ ಎದ್ದು, ಅಂಕಪಟ್ಟಿಯನ್ನು ಸೀರೆಗಳ ಕೆಳಗಿಂದ ಕದ್ದದ್ದು ತಾವೇ ಎಂದು ಕ್ಷಮೆ ಬೇಡಿಕೊಂಡರು. ಅಕ್ಕ ಬಿಕ್ಕುತ್ತಾ ಈರುಳ್ಳಿ ಹೆಚ್ಚಿದ ದಿನದ ತನಕ ಹಿಂದಕ್ಕೆ ಹೋದರು. ಮಗಳು ಮುಖ ಮುಚ್ಚಿಕೊಂಡು ನಗುವುದು ನನಗೆ ಕೇಳಿಸುತ್ತಿತ್ತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕೊನೆಗೂ ಯಾರೋ ಆಮೆನ್ ಎಂದರು, ಎಲ್ಲರೂ ಕಣ್ಣು ಬಿಟ್ಟೆವು. ಬಿರಿಯಾನಿಯ ಮೇಲೆ ತುಪ್ಪ ಬೆಳ್ಳಗೆ ಗಟ್ಟಿಯಾಗಿತ್ತು. ಭಾವನವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, ಶಾಮಿಯಾನಕ್ಕೆಲ್ಲ ಕೇಳುವಂತೆ ಹೇಳಿದರು:

"ಊಟದ ಪ್ರಾರ್ಥನೇನ ಇಷ್ಟುದ್ದ ಮಾಡೋದು ಇವ್ರಿಗೆಲ್ಲ ಯಾರಮ್ಮ ಕಲಿಸ್ಕೊಟ್ಟಿದ್ದು?"