ಇನ್ನೊಂದು ಕೈ ವಾರ್ನಿಷ್

ಎಲ್ಲಕ್ಕೂ ಕಾರಣ ಆ ಇನ್ನೊಂದು ಕೈ ವಾರ್ನಿಷ್. ಮೊದಲ ಕೈ ಒಣಗಿ ಕುರ್ಚಿ ಚೆನ್ನಾಗಿಯೇ ಹೊಳೆಯುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಬಡಗಿಯ ಮಾನ ಉಳಿಯುತ್ತಿತ್ತು. ಆದರೆ ಶನಿವಾರ ಸಂಜೆ ಕುರ್ಚಿಯ ಬೆನ್ನಿನಲ್ಲಿ ತನ್ನ ಮುಖ ಇನ್ನೂ ಸ್ವಲ್ಪ ಸ್ಪಷ್ಟವಾಗಿ ಕಾಣಬೇಕೆಂದು ಅವನಿಗೆ ಅನ್ನಿಸಿತು, ಇನ್ನೊಂದು ಕೈ ಬಳಿದ.

ಕುರ್ಚಿ ಮಾಡಲು ಹೇಳಿದವರು ಪಾದ್ರಿಗಳು. ಸಭೆಯ ಮುಂಭಾಗದಲ್ಲಿ ಹಾಕಲು ಒಂದು ಕುರ್ಚಿ ಬೇಕು, ತಗ್ಗಾಗಿರಲಿ, ಅಗಲವಾಗಿರಲಿ, ಯಾರಿಗೆಂದು ಭಾನುವಾರ ಹೇಳುತ್ತೇನೆ ಅಂದಿದ್ದರು. ಹಳೆಯ ಸಭಾ ಹಿರಿಯರು ತೀರಿಹೋಗಿ, ಹೊಸಬರನ್ನು ಆರಿಸುವುದೂ ಅದೇ ಭಾನುವಾರ. ಬಡಗಿಯ ಮೈಕಟ್ಟೋ, ತಗ್ಗು ಮತ್ತು ಅಗಲ. ಬೀದಿಯವರು ಅವನನ್ನು ಒರಳಪ್ಪ ಎಂದೇ ಕರೆಯುತ್ತಿದ್ದರು. ಎರಡೂ ಎರಡೂ ನಾಲ್ಕೆಂದು ಕೂಡಿಸಲು ಅವನಿಗೆ ಹೊತ್ತು ಹಿಡಿಯಲಿಲ್ಲ.

ಪಾದ್ರಿಗಳು ಅಳತೆ ಹೇಳಲು ಬಾಯಿ ತೆರೆದಾಗ ಅವನೇ ತಡೆದ. "ಅಳತೆ ಬೇಡ ಅಯ್ಯನವರೇ. ಯಾರಿಗೆ ಅಂತ ನಂಗೆ ಗೊತ್ತಾಯ್ತು."

ಪಾದ್ರಿಗಳು ಅವನ ಮುಖವನ್ನೇ ನೋಡಿದರು. "ಗೊತ್ತಾಯ್ತಾ? ಒಳ್ಳೇದು. ಹಾಗಾದ್ರೆ ಮನೇಲಿ ಯಾರಿಗೂ ಹೇಳ್ಬೇಡಿ."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬಡಗಿ ಮುಚ್ಚಿಟ್ಟಿದ್ದ ತೇಗದ ಹಲಗೆಗಳನ್ನು ಹೊರಗೆ ತೆಗೆದ. ಅಂಗಡಿಯ ಪೆಟ್ಟಿಗೆಯ ಮೇಲೆ ತಾನೇ ಕೂತು, ಮೊಣಕಾಲಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಸೊಂಟದ ಅಗಲಕ್ಕೊಂದು, ಮೊಣಕೈಗೊಂದು. ಕೀಸುಳಿ ತಳ್ಳಿದಾಗಲೆಲ್ಲ ಪ್ರಾರ್ಥನೆ: "ತಂದೆಯೇ, ನಿನ್ನ ಚಿತ್ತದಂತೆಯೇ ಆಗಲಿ. ಆದರೆ ಈ ಸಲ ನನ್ನನ್ನು ಮರೀಬೇಡ." ಅವನ ಪ್ರಾರ್ಥನೆಗಳಿಗೆ ಯಾವಾಗಲೂ ಇಂಥದೊಂದು ‘ಆದರೆ’ಯ ಬಾಲ ಇರುತ್ತಿತ್ತು. ದೇವರ ಮಗನು ಕೂಡ ಬಡಗಿಯೇ ಆಗಿದ್ದನಲ್ಲ, ತಂದೆಗೆ ಈ ಕಸುಬಿನವರ ಮೇಲೆ ಕರುಣೆ ಇದ್ದೇ ಇರುತ್ತದೆ ಎಂಬ ಧೈರ್ಯ.

ಭಾನುವಾರ ಬೆಳಗ್ಗೆ ಅವನೂ ಪಕ್ಕದ ಮನೆಯ ದರ್ಜಿಯೂ ಕುರ್ಚಿಯನ್ನು ಕಂಬಳಿ ಹೊದಿಸಿ ಕೈಗಾಡಿಯಲ್ಲಿ ತಳ್ಳಿಕೊಂಡು ಹೊರಟರು. ದಾರಿಯುದ್ದಕ್ಕೂ ಬುದ್ಧಿಮಾತು. ಗಾಲಿ ಅಲುಗುತ್ತಿದೆ ಅಂದಳು ಹಾಲಿನವಳು. ಕಂಬಳಿ ಅಂಟೀತು ನೋಡು ಅಂದ ಕ್ಷೌರಿಕ. ಬಡಗಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಈ ದಿನಕ್ಕೆಂದೇ ದರ್ಜಿಯಿಂದ ಹೊಸ ಪ್ಯಾಂಟು ಹೊಲಿಸಿಕೊಂಡಿದ್ದ. ಮದುಮಗನ ಹಾಗೆ ನಡೆಯುತ್ತಿದ್ದ.

ದೇವಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಕುರ್ಚಿಯನ್ನು ಮುಂದೆ ಇಟ್ಟು, ಕಂಬಳಿ ತೆಗೆದು, ದರ್ಜಿ ಗಾಡಿ ನಿಲ್ಲಿಸಲು ಹೊರಗೆ ಹೋದ. ಖಾಲಿ ಬೆಂಚುಗಳು ಸಾಲಾಗಿ ತನ್ನನ್ನೇ ನೋಡುತ್ತಿರುವಂತೆ ಬಡಗಿಗೆ ಕಂಡಿತು. ಒಂದೇ ಒಂದು ಸಲ, ಅಂದುಕೊಂಡು ಕೂತ. ಅಬ್ಬ, ಏನು ಸುಖ! ಹೆಣ್ಣುಬಾತುಕೋಳಿ ತನ್ನ ಗೂಡಿನಲ್ಲಿ ಕೂತ ಹಾಗೆ. ಕಣ್ಣು ಮುಚ್ಚಿ ಅಲ್ಲೇ ಇನ್ನೊಂದು ಪ್ರಾರ್ಥನೆ ಮಾಡಿದ, ಬಾಲದ ಸಮೇತ.

ಏಳಲು ನೋಡಿದರೆ ಕುರ್ಚಿಯೂ ಜೊತೆಗೆ ಎದ್ದಿತು.

ಹೆಂಡತಿ ಒಳಗೆ ಬಂದಾಗ ಅವನು ಬೆನ್ನಿಗೆ ಕುರ್ಚಿ ಹೊತ್ತು ಆಮೆಯಂತೆ ಬಗ್ಗಿ ನಿಂತಿದ್ದ. ಇಂಥವನ ಜೊತೆ ಬಾಳಿದವಳಿಗೆ ಏನು ಎತ್ತ ಎಂದು ಕೇಳುವ ಅಭ್ಯಾಸ ತಪ್ಪಿಹೋಗಿತ್ತು. ಅವಳು ಕೈ ಹಿಡಿದಳು, ಗಾಡಿ ನಿಲ್ಲಿಸಿ ಬಂದ ದರ್ಜಿ ಕುರ್ಚಿ ಹಿಡಿದ, ಇಬ್ಬರೂ ಎಳೆದರು. ಪರ್ ಎಂದು ಸದ್ದಾಯಿತು. ಬಡಗಿ ಬಿಡುಗಡೆಯಾದ. ಅಂಗೈಯಗಲದ ಎರಡು ತುಂಡು ಬಟ್ಟೆ ಕುರ್ಚಿಯಲ್ಲೇ ಉಳಿಯಿತು.

ದರ್ಜಿ ಬಗ್ಗಿ ಹಿಂದಿನಿಂದ ಪರೀಕ್ಷಿಸಿದ. "ನೋಡಣ್ಣ, ಬಟ್ಟೆ ಹರಿದಿದೆ. ನನ್ನ ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು, ಬಾಗಿಲಲ್ಲಿ ಜನ. ಬಡಗಿ ಓಡಿಹೋಗಿ ಹಿಂದಿನ ಬೆಂಚಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತ, ಹಲ್ಲಿಯ ಹಾಗೆ. ಕೂರಪ್ಪ ಎಂದವರಿಗೆಲ್ಲ, ದೇವರ ಮುಂದೆ ನಿಲ್ಲುವುದೇ ಚೆಂದ ಅಂದ. ಅದೇ ಬೆಂಚಿನಲ್ಲಿ ಅವನ ಅತ್ತೆ, ಹೆಂಡತಿಯ ತಾಯಿ, ಎಂದಿನಂತೆ ಬಂದು ಕೂತಳು. ಊದಿದ ಕಾಲುಗಳು ನೆಲ ಮುಟ್ಟದೆ ನೇತಾಡುತ್ತಿದ್ದವು. ಆಕೆಯ ಕಾಲು ಹಾಗೆ ನೇತಾಡುವುದನ್ನು ಅವನು ಆವತ್ತೇ ಮೊದಲು ಕಂಡದ್ದು. ನಿಂತಿದ್ದಕ್ಕೆ ಕಂಡಿತು.

ಕೀರ್ತನೆಯಾದ ಮೇಲೆ ಪಾದ್ರಿಗಳು ಕೆಳಗಿಳಿದು, ಸೀದಾ ಹಿಂದಿನ ಬೆಂಚಿಗೆ ಬಂದರು. ಬಡಗಿ ಅಂಗಿಯ ಕಾಲರ್ ಸರಿಮಾಡಿಕೊಂಡ. ಅವರು ಅವನನ್ನು ದಾಟಿ ಅತ್ತೆಯ ಕೈ ಹಿಡಿದರು. "ಬನ್ನಿ ಅಮ್ಮ. ನಿಮ್ಮ ಜಾಗ ಮುಂದೆ ಇದೆ."

ಮುದುಕಿ ಮೆಲ್ಲಗೆ ನಡೆದಳು. ಕುರ್ಚಿಯಲ್ಲಿ ಕೂತಳು.

ಕಿಟಕಿಯ ಬೆಳಕು ಕುರ್ಚಿಯ ಮೇಲೆ ಬಿದ್ದಿತ್ತು. ಮುದುಕಿಯ ಎರಡೂ ಪಾದಗಳು ನೆಲದ ಮೇಲೆ ಸಮವಾಗಿ ಊರಿದ್ದವು. ಮೊಣಕೈಗೆ ಕೈಹಿಡಿ, ಸೊಂಟಕ್ಕೆ ಅಗಲ, ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಕೆ ತನ್ನ ಪಾದಗಳನ್ನೇ ನೋಡುತ್ತ ಕೂತಳು, ಯಾರೋ ಅವನ್ನು ಈಗತಾನೆ ತಂದುಕೊಟ್ಟ ಹಾಗೆ.

"ನೆಲ ಮುಟ್ಟಿತು," ಅಂದಳು. "ಇಷ್ಟನ್ನೇ ಕೇಳ್ತಿದ್ದೆ. ಪೂರ್ತಿ ಆರಾಧನೆ ನೋವಿಲ್ಲದೆ ಕೂತ್ಕೊಳ್ಳೋ ಹಾಗೆ ಮಾಡಪ್ಪ ಅಂತ. ಮನುಷ್ಯರಿಗೆ ಹೇಳಿರ್ಲಿಲ್ಲ." ಆಮೇಲೆ ಕೈಯಿಂದ ತಡವಿ ನೋಡಿ, "ಅಳಿಯಂದಿರು ಮೆತ್ತೆ ಬೇರೆ ಹಾಕಿದ್ದಾರೆ," ಅಂದಳು.

ಸೀಮೆಸುಣ್ಣದ ಆ ಗೆರೆಗಳನ್ನು ಎಳೆದದ್ದು ಬಡಗಿಯ ಕೈ, ಅಳೆದದ್ದು ಅವನದೇ ಮೊಣಕಾಲು. ಹಾಗಾದರೆ ಇನ್ನೊಬ್ಬರ ಅಳತೆ ಅದರೊಳಗೆ ಯಾವಾಗ ಬಂದು ಕೂತಿತು? ತಾನು ‘ಆದರೆ, ಆದರೆ’ ಎನ್ನುತ್ತಿರುವಾಗಲೇ ಯಾರೋ ಒಬ್ಬರು ಸದ್ದಿಲ್ಲದೆ ತನ್ನ ಕೈಯಲ್ಲಿ ತಮ್ಮ ಕೆಲಸ ಮಾಡಿಸಿಕೊಂಡು ಹೋಗಿದ್ದರು. ಅವನಿಗೆ ಹೆದರಿಕೆಯಾಯಿತು. ನೆಲಕ್ಕೆ ಬೀಳಬೇಕು ಅನ್ನಿಸಿತು. ಆದರೆ ಗೋಡೆ ಬಿಡುವಂತಿರಲಿಲ್ಲ.

ಆಗ ದರ್ಜಿ ಎದ್ದ. ಮಾಡಲು ಹೇಳಿದವರು ಪಾದ್ರಿಗಳಾದರೂ, ಸ್ವಂತ ತೇಗ ಹಾಕಿ ಅತ್ತೆಗೆ ಇಂಥ ಕುರ್ಚಿ ಮಾಡಿದವನಿಗಿಂತ ಯೋಗ್ಯ ಹಿರಿಯ ಯಾರಿದ್ದಾರೆ ಎಂದು ಕೇಳಿದ. ಸಭೆಯೆಲ್ಲ ಹೌದು ಹೌದೆಂದಿತು. ಪದ್ಧತಿಯಂತೆ ಮುಂದೆ ಬಂದು, ಸಭೆಗೆ ಬೆನ್ನು ಮಾಡಿ ಮೊಣಕಾಲೂರಲಿ ಅಂದ ದರ್ಜಿ. ಅವನ ಮುಖ ದೇವದೂತನ ಮುಖದಂತೆ ಶಾಂತವಾಗಿತ್ತು.

ಬಡಗಿ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಜೀವಮಾನವೆಲ್ಲ ಕಾದ ಮಾತು ಬಾಗಿಲಿಗೆ ಬಂದು ನಿಂತಿತ್ತು.

"ಬೇಡ ಅಯ್ಯನವರೇ," ಅಂದ. "ನಾನು ಅದಕ್ಕೆ ಯೋಗ್ಯನಲ್ಲ." ಪ್ಯಾಂಟಿನ ಚಿಂತೆಯಿಂದ ಶುರುವಾದ ಮಾತು, ಮುಗಿಯುವಷ್ಟರಲ್ಲಿ ನಿಜವಾಗಿಬಿಟ್ಟಿತ್ತು.

ಇಂಥ ನಮ್ರತೆ ತಾವು ಕಂಡಿಲ್ಲವೆಂದು ಜನ ಕಣ್ಣೊರೆಸಿಕೊಂಡರು. ಹಿರಿತನ ದರ್ಜಿಯ ಪಾಲಾಯಿತು. ಅವನು ಮೊಣಕಾಲೂರಿದಾಗ ಬಡಗಿ ಕಣ್ಣು ಮುಚ್ಚಿ, "ನಿನ್ನ ಚಿತ್ತದಂತೆಯೇ ಆಗಲಿ," ಎಂದು ಅಲ್ಲಿಗೇ ನಿಲ್ಲಿಸಿದ. ಬಾಲವಿಲ್ಲದ ಪ್ರಾರ್ಥನೆ ಅದೇ ಮೊದಲು. ಮನಸ್ಸು ಹಗುರವಾಯಿತು. ಎಲ್ಲರೂ ಹೋದ ಮೇಲೆ ಗೋಡೆ ಬಿಟ್ಟು ಮನೆ ಸೇರಿದರಾಯಿತು ಅಂದುಕೊಂಡ.

ಆಶೀರ್ವಾದಕ್ಕೆ ಎಲ್ಲರೂ ಎದ್ದರು. ಅತ್ತೆ ಏಳಲಿಲ್ಲ. ಪಾದ್ರಿಗಳು ಎಬ್ಬಿಸಿದರು, ಕುರ್ಚಿಯೂ ಜೊತೆಗೆ ಎದ್ದಿತು.

"ಅಳಿಯಂದಿರೇ," ಮುದುಕಿ ಎಲ್ಲರಿಗೂ ಕೇಳುವಂತೆ ಕೂಗಿದಳು, "ಸ್ವಲ್ಪ ಮುಂದೆ ಬನ್ನಿ. ನಿಮ್ಮ ಕುರ್ಚಿ ನನ್ನನ್ನ ಬಿಡ್ತಾ ಇಲ್ಲ."

ಸಭೆಯೆಲ್ಲ ಗೌರವದಿಂದ ತಿರುಗಿ ನಿಂತು ದಾರಿ ಮಾಡಿಕೊಟ್ಟಿತು. ಬಡಗಿ ಗೋಡೆಗೆ ಬೆನ್ನು ಹಚ್ಚಿಕೊಂಡೇ, ಒಂದೊಂದೇ ಹೆಜ್ಜೆ ಸರಿಯುತ್ತ ಹೊರಟ. ಆಮೇಲೆ ಗೋಡೆ ಮುಗಿಯಿತು.