ಎಂಟು ನಿಲ್ದಾಣಗಳ ತಪ್ಪೊಪ್ಪಿಗೆ

ನನ್ನ ಬಲಗೈ ಮಣಿಕಟ್ಟು ಕೆಲಸ ಬಿಟ್ಟು ಆರು ವರ್ಷವಾಯಿತು. ನಲವತ್ತು ವರ್ಷ ಕತ್ತರಿ ಹಿಡಿದ ಟೈಲರನ ಕೈ ಅದು. ಬಟ್ಟೆ ಕತ್ತರಿಸುವಷ್ಟು ಜೀವ ಉಳಿಸಿಕೊಂಡು ಮಿಕ್ಕಿದ್ದಕ್ಕೆಲ್ಲ ನಿವೃತ್ತಿ ಘೋಷಿಸಿಬಿಟ್ಟಿದೆ. ಬೈಕಿನ ಆಕ್ಸಿಲರೇಟರ್ ತಿರುಚಿ ಹಿಡಿದರೆ ಹತ್ತೇ ನಿಮಿಷಕ್ಕೆ ಬೆರಳುಗಳು ಮುಷ್ಕರ ಹೂಡುತ್ತವೆ. ಅದಕ್ಕೇ ಈ ವಯಸ್ಸಿನಲ್ಲಿ ಮೂರು ಚಕ್ರದ ಮೋಟಾರ್ ಸೈಕಲ್ ತಂದೆ. (ಮುಂದೆ ಒಂದು ಚಕ್ರ, ಹಿಂದೆ ಎರಡು. ಅದನ್ನು ಆಟೋ ಎನ್ನುವವರ ಬಟ್ಟೆ ನಾನು ಹೊಲಿಯುವುದಿಲ್ಲ.)

ಅದರಲ್ಲಿ ಕ್ರೂಸ್ ಕಂಟ್ರೋಲ್ ಎಂಬ ಮಹಾಶಕ್ತಿಯೊಂದು ಇದೆ.

"ಬೇಕಾದ ವೇಗಕ್ಕೆ ಬಂದು ಈ ಗುಂಡಿ ಒತ್ತಿಬಿಡಿ ಅಣ್ಣಾ," ಎಂದ ಮೆಕ್ಯಾನಿಕ್. "ಹ್ಯಾಂಡಲ್ ಹಿಡ್ಕೊಂಡಿರಿ ಸಾಕು, ತಿರುಚೋ ಕೆಲಸ ಗಾಡೀದು. ಏರು ಬರ್ಲಿ, ಇಳಿಜಾರು ಬರ್ಲಿ, ಹಿಂದೆ ಭಾರ ಇರ್ಲಿ, ಇಲ್ದೇ ಇರ್ಲಿ, ಅದೇ ವೇಗ. ಬ್ರೇಕ್ ಮುಟ್ಟಿದ್ರೆ ಬಿಟ್ಕೊಳ್ಳತ್ತೆ."

ಹಿಂದೆ ಭಾರ ಇರಲಿ, ಇಲ್ಲದಿರಲಿ. ಆ ಮಾತನ್ನು ಅವನು ಅಷ್ಟು ಹಗುರವಾಗಿ ಹೇಳಬಾರದಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಗಾಡಿ ತಂದದ್ದು ಮಣಿಕಟ್ಟಿಗಾಗಿ ಮಾತ್ರ ಅಲ್ಲ. ಎರಡು ವರ್ಷದಿಂದ ನನ್ನ ಹೆಂಡತಿ ನನ್ನ ಹಿಂದೆ ಕೂತಿರಲಿಲ್ಲ. ಹಳೆಯ ಬೈಕಿನಲ್ಲಿ ನಮ್ಮಿಬ್ಬರದೇ ಒಂದು ಭಾಷೆಯಿತ್ತು. ಬೆನ್ನಿಗೆ ಒಂದು ಸಲ ತಟ್ಟಿದರೆ 'ಕೂತೆ, ಹೊರಡಿ'. ಎರಡು ಸಲ ತಟ್ಟಿದರೆ 'ನಿಲ್ಲಿಸಿ'. ಆ ದಿನ ಒದ್ದೆ ರಸ್ತೆಯಲ್ಲಿ ಅವಳು ಎರಡು ಸಲ ತಟ್ಟಿದಳು. ನಾನು ನಿಲ್ಲಿಸಲಿಲ್ಲ, ಮೋರಿಗೆ ಬಿದ್ದೆವು. ಅವಳ ಬಲ ಹೆಗಲಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎಲ್ಲರೆದುರು ನಾನು ಹೇಳಿದ್ದೇನು ಗೊತ್ತೇ? "ಇವಳು ತಟ್ಟಿದ್ದಕ್ಕೇ ಆಯ ತಪ್ಪಿತು."

ಆಮೇಲೆ ಕ್ಷಮೆ ಕೇಳಬೇಕೆಂದು ಎಷ್ಟು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿದ್ದೇನೋ. ಅವಳ ಮುಖ ಕಂಡೊಡನೆ "ನೀರಿದೆಯಾ?" ಎಂದು ಕೇಳಿ ವಾಪಸ್ ಬರುತ್ತಿದ್ದೆ. ಎರಡು ವರ್ಷದಲ್ಲಿ ನಾನು ಕುಡಿದ ನೀರು ಒಂದು ಕೆರೆಯಷ್ಟು. ಬಾಯಿ ಬಾರದವನು ಸೂಜಿಗೆ ಶರಣಾದೆ. ಅವಳ ರವಿಕೆಗಳಿಗೆಲ್ಲ ಬಲ ಹೆಗಲಿನ ಕಡೆ ಅರ್ಧ ಇಂಚು ಸಡಿಲ ಬಿಟ್ಟು ಹೊಲಿದುಕೊಟ್ಟೆ. ಅವಳು ಏನೂ ಅನ್ನದೆ ತೊಟ್ಟುಕೊಂಡಳು.

ಕ್ರೂಸ್ ಕಂಟ್ರೋಲ್ ನೋಡಿದಾಗ ತಲೆಗೆ ಹೊಳೆಯಿತು. ಕೈಗೆ ನೋವಿಲ್ಲ, ಕಣ್ಣು ರಸ್ತೆಯ ಮೇಲೆ, ಅವಳ ಮುಖ ನನ್ನ ಬೆನ್ನ ಹಿಂದೆ. ಕ್ಷಮೆ ಕೇಳಲು ಇದಕ್ಕಿಂತ ಸುಖಾಸನ ಬೇರೆ ಉಂಟೇ?

ಅವಳ ಅಕ್ಕನ ಊರಿಗೆ ಹೋಗುವ ದಿನ ಗೋಗರೆದು ಒಪ್ಪಿಸಿದೆ.

"ಕೂರ್ತೀನಿ. ಆದ್ರೆ ಮಾತಾಡಲ್ಲ," ಎಂದಳು.

"ನೀನು ಕೇಳಿಸ್ಕೊಂಡ್ರೆ ಸಾಕು ಕಣೇ."

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಅವಳು ಮುಖ ತೊಳೆಯಲು ಇಳಿದಳು. ನಾನು ಪೆಟ್ರೋಲ್ ಹಾಕಿಸಿ, ಹೆಲ್ಮೆಟ್ ಬಿಗಿದು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಕೂತೆ. ಬೆನ್ನಿಗೆ ಒಂದು ಸಲ ತಟ್ಟಿದಂತಾಯಿತು. ಹೊರಟೆ.

ತಟ್ಟಿದ್ದು ಹಿಂದಿನ ಸೀಟಿನ ಮೇಲೆ ಮುಂದಕ್ಕೆ ಜಾರಿದ ಅವಳ ಚೀಲ. (ಮೊಬೈಲೂ ಅದರೊಳಗೇ ಇತ್ತು.) ಹಳೆಯ ಬೈಕಾಗಿದ್ದರೆ ಅವಳು ಹತ್ತಿದಾಗ ಒಮ್ಮೆ ವಾಲುತ್ತಿತ್ತು, ಇಲ್ಲದಿದ್ದರೆ ಕೈಗೆ ಹಗುರ ತಿಳಿಯುತ್ತಿತ್ತು. ಮೂರು ಚಕ್ರದ್ದು ಯಾರಿಗೂ ವಾಲುವುದಿಲ್ಲ. ಐವತ್ತಕ್ಕೆ ಕೂರಿಸಿದ ವೇಗ ಐವತ್ತರಲ್ಲೇ ಇತ್ತು.

ಇಪ್ಪತ್ತು ಕಿಲೋಮೀಟರ್ ಮಾತಾಡಿದೆ. ಮೋರಿಯಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಹೇಳಿದೆ. "ತಪ್ಪು ನಂದು ಕಣೇ, ನಿನ್ನ ಮೇಲೆ ಹಾಕಿದೆ," ಎಂದಾಗ ಹೆಲ್ಮೆಟ್ಟಿನೊಳಗೆ ಕಣ್ಣು ಮಂಜಾಯಿತು. ನಡುವೆ ಬಾಯಿ ಹಾಕದೆ ಇಷ್ಟು ಶಾಂತವಾಗಿ ಅವಳು ಯಾವತ್ತೂ ಕೇಳಿದವಳಲ್ಲ. ಮನಸ್ಸು ಕರಗಿರಬೇಕು ಎಂದುಕೊಂಡು ರಸ್ತೆ ಬದಿಗೆ ನಿಲ್ಲಿಸಿ ತಿರುಗಿದೆ. ಸೀಟಿನ ಮೇಲೆ ಚೀಲ ಕೂತಿತ್ತು.

ವಾಪಸ್ ಬಂಕಿಗೆ ಹೇಗೆ ಬಂದೆನೋ ನೆನಪಿಲ್ಲ. ಎದುರಿಗೆ ಬಸ್ಸು ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತಿದ್ದಳು.

"ಇಳಿಯೇ," ಎಂದೆ.

"ಇಲ್ಲಿ ಜನ ಹತ್ತಿದ್ರಾ ಅಂತ ತಿರುಗಿ ನೋಡಿ ಹೊರಡ್ತಾರೆ ರೀ. ನಾನು ಇದರಲ್ಲೇ ಬರ್ತೀನಿ."

"ನಾನು ಎಲ್ಲ ಹೇಳ್ಬಿಟ್ಟಿದ್ದೆ ಕಣೇ."

"ಯಾರಿಗೆ?"

"ನಿನಗೇ."

ಅವಳು ಕಿಟಕಿಗೆ ಮೊಣಕೈ ಊರಿದಳು. "ಹಾಗಾದ್ರೆ ಇನ್ನೊಂದ್ಸಲ ಹೇಳಿ. ಈಗ ನಾನಿದೀನಿ."

ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ಹಿಂದೆ ಬಿದ್ದೆ. ಕ್ರೂಸ್ ಕಂಟ್ರೋಲ್ ಗುಂಡಿ ಒತ್ತುವುದರೊಳಗೆ ಬಸ್ಸು ನಿಲ್ಲುತ್ತಿತ್ತು, ಬ್ರೇಕ್ ಹಿಡಿದರೆ ಮಹಾಶಕ್ತಿ ಮಾಯ. ಮಣಿಕಟ್ಟು ಬೆಂಕಿಯಾಯಿತು. ನಿಲ್ದಾಣ ನಿಲ್ದಾಣಕ್ಕೂ ಕಿಟಕಿಯ ಕೆಳಗೆ ನಿಂತು ಒಂದೊಂದು ಕಂತು ಒಪ್ಪಿಸಿದೆ. ಮೊದಲನೆಯದರಲ್ಲಿ ಒದ್ದೆ ರಸ್ತೆ, ಎರಡನೆಯದರಲ್ಲಿ ಮೋರಿ. ನಾಲ್ಕನೆಯದರ ಹೊತ್ತಿಗೆ ಆ ಬದಿಯ ಕಿಟಕಿಗಳೆಲ್ಲ ತೆರೆದಿದ್ದವು.

"ಆಸ್ಪತ್ರೇಲಿ ಏನಂದ್ರಂತೆ?" ಎಂದು ಹಿಂದಿನ ಸೀಟಿನ ಅಜ್ಜಿ ಕೇಳಿತು.

"ಅದು ಮುಂದಿನ ಸ್ಟಾಪಲ್ಲಿ ಬರತ್ತೆ," ಎಂದಳು ನನ್ನ ಹೆಂಡತಿ.

ಮುಖ ನೋಡದೆ ಸುಖವಾಗಿ ಹೇಳಬೇಕೆಂದಿದ್ದ ಮಾತನ್ನು ನಲವತ್ತು ಮುಖಗಳೆದುರು ಹೇಳಿದೆ. ಏಳನೆಯ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಬಾಯಿಂದ ತೆಗೆದ. "ಅಕ್ಕಾ, ಕ್ಷಮಿಸಿಬಿಡಿ. ಗಾಡಿ ಲೇಟಾಗ್ತಿದೆ."

"ತಡಿಯಪ್ಪ, ಇನ್ನೂ ಮುಗಿದಿಲ್ಲ."

ಎಂಟನೆಯದು ಅವಳ ಅಕ್ಕನ ಊರು. ಇಳಿದಳು. ಬಸ್ಸು ಹೊರಡದೆ ಕಾಯುತ್ತಿತ್ತು.

"ನಿನ್ನ ಬಲ ಹೆಗಲು ಮುರಿದದ್ದು ನಾನೇ ಕಣೇ," ಎಂದೆ. "ತಪ್ಪು ನಂದೇ."

ಅವಳು ಚೀಲ ತೆಗೆದುಕೊಂಡು ಎಡ ಹೆಗಲನ್ನು ನಿಧಾನವಾಗಿ ಒತ್ತಿಕೊಂಡಳು. "ಮುರಿದದ್ದು ಇದು ರೀ."

ಟೈಲರನಾಗಿ ಅವಳನ್ನು ಎದುರು ನಿಂತೇ ಅಳೆದಿದ್ದೆ. ನನ್ನ ಬಲಕ್ಕೆ ಕಂಡದ್ದು ಅವಳ ಎಡ. ಆ ಅರ್ಧ ಇಂಚು ಸಡಿಲವೆಲ್ಲ ಹೋದದ್ದು ನೋವಿಲ್ಲದ ಹೆಗಲಿಗೆ.

"ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಪಕ್ಕದಲ್ಲಿ ನಿಂತು ನೋಡ್ತೀರೇನೋ ಅಂತ ಕಾದೆ." ಅವಳು ಅಕ್ಕನ ಮನೆಯ ಕಡೆ ಹೆಜ್ಜೆ ಹಾಕಿದಳು. "ನಾಳೆ ವಾಪಸ್ ಇದೇ ಬಸ್ಸಲ್ಲಿ ಬರ್ತೀನಿ. ಪೆಟ್ರೋಲ್ ಹಾಕಿಸಿಕೊಳ್ಳಿ. ಮೊದಲ್ನೇ ಸ್ಟಾಪಿಂದ ಸರಿಯಾಗಿ ಹೇಳಿ."

ಕಂಡಕ್ಟರ್ ತಲೆ ಹೊರಹಾಕಿದ. "ಎಂಟು ಗಂಟೆಗೆ ಯಜಮಾನ್ರೇ. ಎಡಗಡೆ. ಮರೀಬೇಡಿ."